ಮೇಷ್ಟ್ರ ಕಿವಿಯಂತ್ರ ಮತ್ತು ನೂರು ವಾಟಿನ ಐರನ್ನು

ರಿಪೇರಿ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ತಾತ, ಯಾವ ಸೋಲ್ಡರಿಂಗ್ ಐರನ್ ತಗೊಳ್ಳೋದು?" ನಾನು ಬೆಂಚಿನ ಕೆಲಸ ಬಿಟ್ಟು ವರ್ಷಗಳಾದವು. ಈಗಿನ ಅಂಗಡಿಗಳಲ್ಲಿ ಏನೇನು ಸಿಗುತ್ತದೋ ನನಗೆ ಪೂರ್ತಿ ತಿಳಿಯದು. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದರೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಜಗಲಿಯ ಮೇಲೆ ಎರಡು ಸಲ ಓಡಾಡಿಯೇ ಬಾಯಿ ಬಿಡುವುದು. ಐರನ್ನು ಹಿಡಿದು ನಾನು ಒಬ್ಬ ಮನುಷ್ಯನ ಕೇಳುವ ಶಕ್ತಿಯನ್ನೇ ಸುಟ್ಟುಬಿಟ್ಟಿದ್ದೆ. ಅದರ ಮೇಲೊಂದು ಸುಳ್ಳನ್ನೂ ಹೇಳಿದ್ದೆ.

ನಮ್ಮಪ್ಪ ಸಂತೆಮರಹಳ್ಳಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದವರು. ನೇಗಿಲ ಗುಳ, ಮಚ್ಚು ತಟ್ಟುವುದರ ಜೊತೆಗೆ ತೂತಾದ ಬಿಂದಿಗೆಗೆ ಬೆಸುಗೆಯನ್ನೂ ಹಾಕುತ್ತಿದ್ದರು. ಐವತ್ತರ ದಶಕದ ಮೊದಲಲ್ಲಿ ನಾನು ಚಾಮರಾಜನಗರದ ಒಂದು ರೇಡಿಯೋ ಅಂಗಡಿಗೆ ಕೆಲಸಕ್ಕೆ ಸೇರಿದೆ. ಆಗ ನನಗೆ ಹತ್ತೊಂಬತ್ತು. ಅಲ್ಲಿ ರಿಪೇರಿ ನೋಡುತ್ತಿದ್ದವರು ದೊರೆಸ್ವಾಮಿ ಮೇಸ್ತ್ರಿ. ಯುದ್ಧದ ಕಾಲದಲ್ಲಿ ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿ ದುಡಿದು ಬಂದವರು. ಮನೆಮಾತು ತಮಿಳು. ಖಾಕಿ ಚಡ್ಡಿ, ಇಸ್ತ್ರಿ ಮಾಡಿದ ಅಂಗಿ, ಮಾತು ಕಮ್ಮಿ. ನನ್ನನ್ನು 'ತಂಬಿ' ಎಂದು ಕರೆಯುತ್ತಿದ್ದರು. ಸಿಟ್ಟು ಬಂದಾಗ ಮಾತ್ರ 'ಮಿಸ್ಟರ್ ಮಾದೇವ'.

ಅಂಗಡಿಯಲ್ಲಿ ಬೆಸುಗೆ ಹಾಕುವ ಎರಡು ಐರನ್ನುಗಳಿದ್ದವು. ಒಂದು ಇದ್ದಿಲಿನ ಒಲೆಯಲ್ಲಿ ಕಾಯಿಸುವ ತಾಮ್ರದ ಗುಂಡು, ಸುತ್ತಿಗೆಯ ಹಾಗಿತ್ತು. ಇನ್ನೊಂದು ಕರೆಂಟಿನದು, ನೂರು ವಾಟು, ತುದಿ ಹೆಬ್ಬೆರಳಿನಷ್ಟು ದಪ್ಪ. ಕೈ ನಡುಗದಂತೆ ಅದನ್ನು ಹಿಡಿಯುವುದಕ್ಕೇ ನನಗೆ ಒಂದು ತಿಂಗಳು ಬೇಕಾಯಿತು. ಮೇಸ್ತ್ರಿಯವರ ಪಾಠ ಒಂದೇ ವಾಕ್ಯ: "ಕಾವು ಕಮ್ಮಿಯಾದ್ರೆ ಬೆಸುಗೆ ಸುಳ್ಳು, ತಂಬಿ." ಮೇಲೆ ಹೊಳೆಯುತ್ತಿದ್ದರೂ ಒಳಗೆ ಹಿಡಿಯದ ಬೆಸುಗೆಗೆ ಅವರು ಇಟ್ಟ ಹೆಸರು 'ಸುಳ್ಳು ಬೆಸುಗೆ'. ವಾಲ್ವ್ ರೇಡಿಯೋಗಳ ಕಾಲಕ್ಕೆ ಆ ಮಾತು ನೂರಕ್ಕೆ ನೂರು ನಿಜ. ಆ ರೇಡಿಯೋಗಳ ಒಳಗೆ ಎಲ್ಲವೂ ದಪ್ಪ. ದಪ್ಪ ವೈರು, ದಪ್ಪ ತಗಡು. ಎಷ್ಟು ಕಾಯಿಸಿದರೂ ಸಹಿಸಿಕೊಳ್ಳುತ್ತಿದ್ದವು.

ನನ್ನ ಮೊದಲ ಎಡವಟ್ಟು ಆದದ್ದು ಚಂದಕವಾಡಿಯಲ್ಲಿ. ಪಂಚಾಯ್ತಿಯವರು ಊರವರಿಗೆಲ್ಲ ಕೇಳಲೆಂದು ಇಟ್ಟಿದ್ದ ಬ್ಯಾಟರಿ ರೇಡಿಯೋ ನಿಂತುಹೋಗಿತ್ತು. ನೋಡಿದರೆ ಬ್ಯಾಟರಿಯ ವೈರು ಕಿತ್ತಿತ್ತು. ಬೆಸುಗೆ ಹಿಡಿಯಲೆಂದು ಮೇಸ್ತ್ರಿಯವರು ಕೊಟ್ಟಿದ್ದ ರಾಳ ಡಬ್ಬಿಯಲ್ಲಿ ಮುಗಿದಿತ್ತು. ನನಗೋ ಕಾಯುವ ಬುದ್ಧಿಯೇ ಇಲ್ಲ. ಅಪ್ಪ ಬಿಂದಿಗೆಗೆ ಹಾಕುತ್ತಿದ್ದ ಆಸಿಡ್ಡನ್ನು ಒಂದು ಸಣ್ಣ ಸೀಸೆಯಲ್ಲಿ ಇಟ್ಟುಕೊಂಡಿದ್ದೆ. ಅದನ್ನೇ ಸವರಿ ಬೆಸೆದೆ. ಎಷ್ಟು ಚೆನ್ನಾಗಿ ಹಿಡಿಯಿತು ಎಂದರೆ, ಮೇಸ್ತ್ರಿಯವರಿಗೆ ಇದು ಯಾಕೆ ಹೊಳೆದಿಲ್ಲ ಎಂದು ಬಸ್ಸಿನಲ್ಲಿ ಒಬ್ಬನೇ ನಕ್ಕಿದ್ದೆ.

ಎರಡು ತಿಂಗಳಿಗೆ ಮತ್ತೆ ಕರೆ ಬಂತು. ಹೋಗಿ ಬಿಚ್ಚಿದರೆ ಬೆಸುಗೆಯ ಸುತ್ತ ಹಸಿರು ಕಿಲುಬು, ವೈರು ಒಳಗಿಂದ ತಿಂದುಹೋಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಯಜಮಾನರೊಬ್ಬರು ಕೇಳಿದರು:

"ಏನ್ಲಾ ಆಚಾರಿ, ಇದೇನು ರೇಡಿಯಾನೋ, ನೀರ್ ತರೋ ಬಿಂದ್ಗೆಯೋ? ಅದೇನ್ ಮಾಡ್ಬುಟ್ಟೆ ಅಂತ ಯೋಳ್ಬುಡು."

ತಲೆ ತಗ್ಗಿಸಿ ಪೂರ್ತಿ ಹೊಸ ವೈರು ಹಾಕಿಕೊಟ್ಟೆ. ರಾಳ ಬಿಟ್ಟು ಬೇರೇನನ್ನೂ ರೇಡಿಯೋದ ಹತ್ತಿರ ತರಬಾರದು ಎನ್ನುವುದು ಆವತ್ತು ತಲೆಗೆ ಹತ್ತಿತು.

ಇನ್ನೊಂದು ಸಲ ಯಾರೋ ಮೈಸೂರಿನಿಂದ ತಂದುಕೊಟ್ಟ ಹೊಸ ಐರನ್ನು. ಹಿಡಿ ನುಣ್ಣಗೆ, ನೋಡಲು ಲಕ್ಷಣ. ಬೆಂಚಿನ ಮೇಲೆ ಒಂದು ವಾರ ಚೆನ್ನಾಗಿಯೇ ಇತ್ತು. ಎಂಟನೇ ದಿನ ನಾನು ಎಡಗೈಯಲ್ಲಿ ರೇಡಿಯೋದ ತಗಡು ಹಿಡಿದು ಬಲಗೈಯಲ್ಲಿ ಐರನ್ನು ತಾಗಿಸಿದೆ. ಎದೆಗೆ ಒದ್ದ ಹಾಗಾಗಿ ಸ್ಟೂಲಿನಿಂದ ಕೆಳಗೆ ಬಿದ್ದೆ. ಒಳಗಿನ ಅಭ್ರಕದ ಹಾಳೆ ಬಿರುಕುಬಿಟ್ಟು ಕರೆಂಟು ತುದಿಗೇ ಸೋರುತ್ತಿತ್ತು. ಮೇಸ್ತ್ರಿಯವರು ನನ್ನನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ಆಮೇಲೆ ಆ ಐರನ್ನಿನ ವೈರನ್ನು ಕತ್ತರಿಸಿ ಬೀದಿಗೆ ಎಸೆದರು. ಅಂದಿನಿಂದ ಯಾವ ಹೊಸ ಐರನ್ನು ಬಂದರೂ ಟೆಸ್ಟ್ ಲ್ಯಾಂಪು ಹಿಡಿದು ಸೋರಿಕೆ ನೋಡದೆ ನಾನು ಮುಟ್ಟಿದವನಲ್ಲ. ಈಗಿನವರೂ ಇಷ್ಟನ್ನು ಮೊದಲು ಮಾಡಿ. ಹೊರಗಿನ ಬಣ್ಣವನ್ನು ಆಮೇಲೆ ನೋಡಿದರಾಯಿತು.

ದಶಕದ ಕೊನೆಯ ಹೊತ್ತಿಗೆ ನಮ್ಮ ಅಂಗಡಿಯ ಮಾಲೀಕರು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಸಣ್ಣ ಮಳಿಗೆ ಹಿಡಿದರು. ಮಂಗಳವಾರ, ಶುಕ್ರವಾರ ನಾನು ಅಲ್ಲಿಗೆ. ಉಳಿದ ದಿನ ಚಾಮರಾಜನಗರ. ತೆರಕಣಾಂಬಿ ಮೇಲೆ ಹೋಗುವ ಆ ಬಸ್ಸಿನಲ್ಲಿ, ತೊಡೆಯ ಮೇಲೆ ಸಾಮಾನಿನ ಪೆಟ್ಟಿಗೆ ಇಟ್ಟುಕೊಂಡು ನನ್ನ ಅರ್ಧ ಪ್ರಾಯ ಕಳೆಯಿತು. ಗುಂಡ್ಲುಪೇಟೆಯಲ್ಲಿದ್ದಾಗ ಚಾಮರಾಜನಗರದಲ್ಲಿ ಬಿಟ್ಟುಬಂದ ಕೆಲಸದ ಚಿಂತೆ, ಚಾಮರಾಜನಗರದಲ್ಲಿದ್ದಾಗ ಗುಂಡ್ಲುಪೇಟೆಯ ಚಿಂತೆ.

ಒಂದು ಮಂಗಳವಾರ ಬೆಳಿಗ್ಗೆ ಬಸಪ್ಪ ಮೇಷ್ಟ್ರು ಬಂದರು. ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಕರೀ ಕೋಟು, ತಲೆಗೆ ಪೇಟ, ಹಣೆಯಲ್ಲಿ ವಿಭೂತಿ. ಅಕ್ಕಪಕ್ಕ ನೋಡಿ, ಕೋಟಿನ ಒಳಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಡಬ್ಬಿ ತೆಗೆದು ಬೆಂಚಿನ ಮೇಲಿಟ್ಟರು. ಅದರಿಂದ ಸಣ್ಣ ವೈರೊಂದು ಹೊರಟು ಕಿವಿಗೆ ಸಿಕ್ಕಿಸುವ ಗುಂಡಿಯಲ್ಲಿ ಮುಗಿಯುತ್ತಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಭಾವಮೈದುನ ಹೊರದೇಶದಿಂದ ತಂದುಕೊಟ್ಟ ಕಿವಿಯಂತ್ರ.

"ಎರಡು ದಿನದಿಂದ ಬರೀ ಕರಕರ ಅಂತದಪ್ಪ," ಎಂದರು, ಕಿವಿ ಕೇಳದವರು ಮಾತಾಡುವ ಹಾಗೆ ಜೋರಾಗಿ. ಕೂಡಲೇ ತಾವೇ ದನಿ ತಗ್ಗಿಸಿದರು. "ಮುಂದಿನ ಬುಧವಾರ ಸ್ಕೂಲಿಗೆ ಇನ್ಸ್‌ಪೆಕ್ಟರು ಬರ್ತಾರೆ. ನನ್ನ ಕಿವಿ ವಿಷಯ ಅವರಿಗೆ ಗೊತ್ತಿಲ್ಲ. ಗೊತ್ತಾದರೆ ಮನೆಗೆ ಕಳಿಸಿಬಿಡ್ತಾರೆ. ಇನ್ನೂ ನಾಲ್ಕು ವರ್ಷ ಸರ್ವೀಸಿದೆ."

ಸಂಜೆಗೆ ಕೊಡುತ್ತೇನೆ ಎಂದು ಸನ್ನೆ ಮಾಡಿದೆ. 'ಗೊತ್ತಿಲ್ಲದ್ದನ್ನು ಬಿಚ್ಚಬೇಡ, ಇಲ್ಲಿಗೆ ತಾ' ಎಂದು ಮೇಸ್ತ್ರಿಯವರು ನೂರು ಸಲ ಹೇಳಿದ್ದರು. ಆದರೆ ಚಾಮರಾಜನಗರಕ್ಕೆ ಒಯ್ದು ತರುವುದೆಂದರೆ ಶುಕ್ರವಾರ. ಅಲ್ಲಿವರೆಗೆ ಯಾರು ಕಾಯುತ್ತಾರೆ? ಮೇಷ್ಟ್ರು ರಸ್ತೆ ದಾಟುವ ಮೊದಲೇ ಡಬ್ಬಿಯ ಸ್ಕ್ರೂ ಕೈಯಲ್ಲಿತ್ತು.

ಒಳಗೆ ನೋಡಿದೆ. ಸಾಮಾನೆಲ್ಲ ಅಕ್ಕಿಕಾಳು, ಅಲಸಂದೆ ಕಾಳಿನ ಗಾತ್ರ. ಟ್ರಾನ್ಸಿಸ್ಟರು ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು, ಮೂರು ಇದ್ದವು. ಅವುಗಳಲ್ಲಿ ಒಂದರ ಕಾಲಿಗೆ ಅಂಟಿದ್ದ ವೈರು ಅಲ್ಲಾಡುತ್ತಿತ್ತು. ಇಷ್ಟೇ ತಾನೇ ಎಂದುಕೊಂಡೆ. ನೂರು ವಾಟಿನ ಐರನ್ನು ಕಾದಿತ್ತು. ತಾಗಿಸಿದೆ. ಕಾವು ಕಮ್ಮಿಯಾದರೆ ಬೆಸುಗೆ ಸುಳ್ಳು. ಒಂದು, ಎರಡು, ಮೂರು ಎಂದು ಎಣಿಸುತ್ತಾ, ಬೆಸುಗೆ ನೀರಿನ ಹಾಗೆ ಹರಿಯುವವರೆಗೆ ಹಿಡಿದೇ ಇದ್ದೆ. ಅಂಥ ಅಂದದ ಬೆಸುಗೆಯನ್ನು ನಾನು ಅಲ್ಲಿವರೆಗೆ ಹಾಕಿರಲಿಲ್ಲ.

ಗುಂಡಿಯನ್ನು ಕಿವಿಗೆ ಇಟ್ಟುಕೊಂಡೆ. ಕರಕರವೂ ಇಲ್ಲ, ಏನೂ ಇಲ್ಲ. ಬ್ಯಾಟರಿ ತಿರುಗಿಸಿ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಟ್ರಾನ್ಸಿಸ್ಟರಿನ ಮೈ ಮುಟ್ಟಿದರೆ ಬೆರಳು ಚುರ್ ಎಂದಿತು. ಬೆಸೆಯುವ ಕಾವೇ ಅದನ್ನು ಸುಟ್ಟಿತ್ತು.

ಸಂಜೆ ಮೇಷ್ಟ್ರು ಬಂದು ಮುಖ ನೋಡುತ್ತಾ ನಿಂತರು. ನಾನು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಗಟ್ಟಿಯಾಗಿ ಕೂಗಿದೆ: "ಬ್ಯಾಟ್ರಿ ಓಗ್ಬುಟ್ಟದೆ ಮೇಷ್ಟ್ರೇ! ಸುಕ್ರವಾರ ತತ್ತೀನಿ!"

ಅವರು ತಲೆಯಾಡಿಸಿ ಹೋದರು. ಬಸ್ಸಿನಲ್ಲಿ ನಾನು ಕೂರಲಿಲ್ಲ. ಸೀಟು ಖಾಲಿಯಿದ್ದರೂ ಚಾಮರಾಜನಗರದವರೆಗೆ ಕಂಬಿ ಹಿಡಿದು ನಿಂತೇ ಬಂದೆ.

ಬುಧವಾರ ಬೆಳಿಗ್ಗೆ ಮೇಸ್ತ್ರಿಯವರ ಮುಂದೆ ಡಬ್ಬಿ ಇಟ್ಟು ನಡೆದದ್ದನ್ನು ಹೇಳಿದೆ. 'ಮಿಸ್ಟರ್ ಮಾದೇವ' ಎನ್ನುತ್ತಾರೆ, ಕೆಲಸ ಹೋಯಿತು ಎಂದೇ ತಿಳಿದಿದ್ದೆ. ಅವರು ಮೀಟರ್ ಹಿಡಿದು ನೋಡಿದರು. ಮುಳ್ಳು ಯಾವ ಕಡೆಯಿಂದ ಅಳೆದರೂ ಒಂದೇ ಹಾಗೆ ಓಡಿತು.

"ಸತ್ತಿದೆ, ತಂಬಿ. ಮಿಕ್ಕ ಎರಡು ಚೆನ್ನಾಗಿವೆ." ಮೀಟರ್ ಕೆಳಗಿಟ್ಟು, "ನನ್ನ ಹತ್ತಿರ ತಂದಿದ್ರೆ ನಾನೂ ಇದೇ ಐರನ್ನಲ್ಲೇ ಬೆಸೀತಿದ್ದೆ," ಎಂದರು.

ಅಷ್ಟು ದೊಡ್ಡ ಮಾತನ್ನು ಅವರ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಟ್ರಾನ್ಸಿಸ್ಟರಿನ ಮೈಮೇಲಿದ್ದ ನಂಬರನ್ನು ಭೂತಗನ್ನಡಿಯಲ್ಲಿ ನೋಡಿ ಬರೆದುಕೊಂಡರು. ಬೆಂಗಳೂರಿನಲ್ಲಿ ಸೈನ್ಯದ ಹಳೆಯ ಗೆಳೆಯರೊಬ್ಬರು ಇಂಥ ಸಾಮಾನು ತರಿಸುತ್ತಾರೆ, ಕೇಳಿ ನೋಡೋಣ ಎಂದು ಮಾರನೆಯ ದಿನ ರೈಲು ಹತ್ತಿದರು. ಹೊರಡುವಾಗ ಹಿಂತಿರುಗಿ ಕೇಳಿದರು: "ಮೇಷ್ಟ್ರಿಗೆ ಏನು ಹೇಳಿದೆ?"

"ಬ್ಯಾಟರಿ ಅಂದೆ."

"ಅದನ್ನ ಯಾವ ಐರನ್ನಲ್ಲಿ ಸರಿಮಾಡ್ತೀಯಾ?"

ಶುಕ್ರವಾರ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಗೌರಮ್ಮನವರು ಬಾಗಿಲು ತೆಗೆದರು. ಮೇಷ್ಟ್ರು ಹಜಾರದಲ್ಲಿ ಕೂತು ಲೆಕ್ಕದ ಪುಸ್ತಕ ನೋಡುತ್ತಿದ್ದರು. ನಾನು ಏನೋ ಹೇಳಲು ಹೊರಟೆ, ಅವರು ಕಿವಿ ಮುಟ್ಟಿ ಕೈಯಾಡಿಸಿದರು. ಕೂಗಿ ಹೇಳೋಣವೆಂದರೆ ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳುತ್ತದೆ. ಗೌರಮ್ಮನವರು ಒಳಗಿನಿಂದ ಸ್ಲೇಟು, ಬಳಪ ತಂದುಕೊಟ್ಟರು. "ಈಗ ಮನೇಲಿ ಹಿಂಗೇ ಕಣಪ್ಪ. ಏನಿದ್ರೂ ಬರ್ದು ತೋರ್ಸು."

ಕೂಗಿ ಸುಳ್ಳು ಹೇಳಿದ್ದು ಸುಲಭವಾಗಿತ್ತು. ಬರೆಯುವಾಗ ಬಳಪ ಎರಡು ಸಲ ಮುರಿಯಿತು. 'ಬ್ಯಾಟರಿ ಹೋಗಿಲ್ಲ. ನಾನೇ ಒಳಗಿನ ಸಾಮಾನು ಸುಟ್ಟೆ. ನಿಮಗೆ ಸುಳ್ಳು ಹೇಳಿದೆ.'

ಮೇಷ್ಟ್ರು ಓದಿದರು. ಗೌರಮ್ಮನವರೂ ಭುಜದ ಹಿಂದಿನಿಂದ ಓದಿದರು, ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಮೇಷ್ಟ್ರು ಒಂದು ಕ್ಷಣ ಎದ್ದು ನಿಂತು ಮತ್ತೆ ಕೂತರು.

"ಮಂಗಳವಾರವೇ ನಿನ್ನ ಮುಖದಲ್ಲಿ ಕಂಡಿತ್ತು," ಎಂದರು. "ಕೇಳದವನು ಮುಖ ನೋಡ್ತಾನಪ್ಪ. ನೀನಾಗಿ ಬಂದು ಹೇಳ್ತೀಯೋ ಇಲ್ವೋ ಅಂತ ಮೂರು ದಿನದಿಂದ ಕಾಯ್ತಿದ್ದೆ." ಸ್ಲೇಟು ಒರೆಸಿ ನನ್ನ ಕೈಗೆ ಕೊಟ್ಟರು. "ಬುಧವಾರದೊಳಗೆ ಆಗುತ್ತಾ? ಅದನ್ನ ಬರಿ."

'ಗೊತ್ತಿಲ್ಲ' ಎಂದು ಬರೆದೆ.

ಅವರು ಓದಿ ಸ್ಲೇಟನ್ನು ಪಕ್ಕಕ್ಕಿಟ್ಟರು. "ಸರಿ," ಎಂದರು, "ಹೋಗಿ ಕೆಲಸ ಮಾಡು."

ಶನಿವಾರ ಮೇಸ್ತ್ರಿಯವರು ಬಂದರು. ಒಂದು ಸಿಗರೇಟ್ ಡಬ್ಬಿಯಲ್ಲಿ ಹತ್ತಿ ಹಾಸಿ ಎರಡೇ ಎರಡು ಟ್ರಾನ್ಸಿಸ್ಟರು ತಂದಿದ್ದರು. ಜೊತೆಗೆ ಪೆನ್ಸಿಲಿನಷ್ಟು ತೆಳುವಾದ, ಇಪ್ಪತ್ತೈದು ವಾಟಿನ ಹೊಸ ಐರನ್ನು. ಬೆಂಗಳೂರಿನ ಗೆಳೆಯರು ಹೇಳಿಕಳಿಸಿದ್ದಿಷ್ಟು: ಟ್ರಾನ್ಸಿಸ್ಟರಿನ ಶತ್ರು ಕಾವು. ಕಾಲು ಬೆಸೆಯುವಾಗ ಬಿಸಿ ಮೈಗೆ ಏರಬಾರದು.

ಭಾನುವಾರ ಇಬ್ಬರೂ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತೆವು. ಎರಡು ಟ್ರಾನ್ಸಿಸ್ಟರನ್ನು ಅಭ್ಯಾಸಕ್ಕೆ ಬಳಸುವ ಹಾಗಿಲ್ಲ. ಹಾಗಾದರೆ ಬಿಸಿ ಎಷ್ಟು ಏರಿತು ಎಂದು ತಿಳಿಯುವುದು ಹೇಗೆ? ಸಣ್ಣ ವೈರಿನ ತುಂಡುಗಳನ್ನು ಬೆಸೆದು ನೋಡುತ್ತಿದ್ದಾಗ ಉತ್ತರ ತಾನಾಗಿ ಸಿಕ್ಕಿತು. ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿಯ ಒಂದು ಹನಿ ಯಾವುದೋ ತುಂಡಿನ ಮೇಲೆ ಬಿದ್ದು ಗಟ್ಟಿಯಾಗಿತ್ತು. ಆ ತುಂಡಿನ ಒಂದು ತುದಿಗೆ ಐರನ್ನು ತಾಗಿಸಿದ್ದೇ ತಡ, ಆ ಕಡೆಯ ಮೇಣ ಸರ್ರನೆ ಕರಗಿ ಜಾರಿತು. ಮೇಸ್ತ್ರಿಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಟ್ರಾನ್ಸಿಸ್ಟರಿನ ಮೈ ಇರಬೇಕಾದ ಜಾಗದಲ್ಲಿ ಮೇಣದ ಹನಿ. ಅದು ಕರಗದ ಹಾಗೆ ಬೆಸೆದರೆ ಗೆದ್ದೆವು.

ದೊಡ್ಡ ಐರನ್ನಿಗೆ ಮೇಣ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕರಗಿತು. ಹೊಸ ಸಣ್ಣ ಐರನ್ನಿಗಾದರೂ ಕರಗಲಾರದು ಎಂದುಕೊಂಡೆವು. ಅದರಲ್ಲೂ ಕರಗಿತು! ನಮ್ಮೂರಿನ ಕರೆಂಟು ಏರುವುದಕ್ಕಿಂತ ಇಳಿಯುವುದೇ ಹೆಚ್ಚು. ಆ ಇಪ್ಪತ್ತೈದು ವಾಟು ಉಗುರುಬೆಚ್ಚಗೆ ನಿಂತಿರುತ್ತಿತ್ತು. ಬೆಸುಗೆ ಹರಿಯಲಿ ಎಂದು ಕಾಯುತ್ತಾ ಹಿಡಿದಿರುವಾಗ ಬಿಸಿ ನಿಧಾನವಾಗಿ ವೈರಿನುದ್ದಕ್ಕೂ ತೆವಳಿ ಮೇಣ ಮುಟ್ಟುತ್ತಿತ್ತು. ದೊಡ್ಡದು ಒಂದೇ ಏಟಿಗೆ ಸುಡುತ್ತದೆ, ಸಣ್ಣದು ಕಾಯಿಸಿ ಕಾಯಿಸಿ ಸುಡುತ್ತದೆ. ಸಂಜೆಯ ಹೊತ್ತಿಗೆ ಬೆಂಚಿನ ತುಂಬ ಮೇಣದ ಕಲೆ. ನಾನು ಹತ್ತು ಸಲ ಬೀದಿಗೆ ಹೋಗಿ ಬಂದೆ. ಮೇಸ್ತ್ರಿಯವರು ಮಾತ್ರ ಅಲ್ಲಾಡದೆ ಕೂತಿದ್ದರು.

ಸೋಮವಾರ ನನ್ನ ಪಾಳಿಯಲ್ಲದಿದ್ದರೂ ಸಾಮಾನೆಲ್ಲ ಕಟ್ಟಿಕೊಂಡು ಗುಂಡ್ಲುಪೇಟೆಗೆ ಹೋದೆ. ಅಲ್ಲಿ ನಮ್ಮ ಮಳಿಗೆಯ ಪಕ್ಕದಲ್ಲಿ ಮೊಯ್ದು ಎಂಬುವವರು ವಾಚು ರಿಪೇರಿ ಮಾಡುತ್ತಿದ್ದರು. ಕೇರಳದ ಬತ್ತೇರಿ ಕಡೆಯವರು, ಮನೆಮಾತು ಮಲಯಾಳಂ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆವರೆಗೆ ಸಾಸಿವೆ ಕಾಳಿನಷ್ಟು ಸ್ಕ್ರೂಗಳ ಜೊತೆ ಬದುಕುವವರು. ನನ್ನ ಕಷ್ಟ ಕೇಳಿ ನೂರು ವಾಟಿನ ಐರನ್ನನ್ನು ಕೈಯಲ್ಲಿ ತೂಗಿ ನೋಡಿದರು.

"ಇದು ಎಂಥ ಮೋನೇ, ಕೊಡಲಿಯಾ? ಕಾವು ದೊಡ್ಡದು ಬೇಕು, ಮೂಗು ಚಿಕ್ಕದು ಬೇಕು. ಅಷ್ಟೇ ಅಲ್ಲವಾ?"

ಅಷ್ಟೇ. ಇಬ್ಬರು ರೇಡಿಯೋದವರಿಗೆ ಒಂದಿಡೀ ದಿನ ಹೊಳೆಯದ್ದು ಇಷ್ಟೇ. ಅವರು ಒಂದು ದಪ್ಪ ತಾಮ್ರದ ತಂತಿಯನ್ನು ಆ ಹೆಬ್ಬೆರಳು ಗಾತ್ರದ ತುದಿಗೆ ಬಿಗಿಯಾಗಿ ಸುತ್ತಿ, ಕೊನೆಯನ್ನು ಅರ್ಧ ಅಂಗುಲ ಮುಂದಕ್ಕೆ ಚಾಚಿ, ಅರದಿಂದ ಉಜ್ಜಿ ಚೂಪು ಮಾಡಿದರು. ನಾನು ರಾಳ ಮುಟ್ಟಿಸಿ ಅದರ ತುದಿಗೆ ಬೆಸುಗೆ ಸವರಿದೆ. ಬೆಳ್ಳಿಯ ಹಾಗೆ ಹೊಳೆಯಿತು. ವೈರಿನ ನಡುವೆ, ಮೇಣದ ಹನಿಗೆ ಮೊದಲು, ಮೊಯ್ದು ತಮ್ಮ ಚಿಮಟ ಕಚ್ಚಿಸಿ ಹಿಡಿದರು. ಬಿಸಿ ಹತ್ತಿದರೆ ಚಿಮಟಕ್ಕೆ ಹತ್ತಲಿ ಎಂದು. ತಾಗಿಸಿದೆ, ಎತ್ತಿದೆ. ಬೆಸುಗೆ ಹಿಡಿದಿತ್ತು. ಮೇಣ ಹಾಗೇ ಇತ್ತು. ನಂಬಿಕೆಯಾಗದೆ ಇಪ್ಪತ್ತು ಸಲ ಮಾಡಿದೆ.

ಮಂಗಳವಾರ ಬೆಳಿಗ್ಗೆ, ಊರಿನ ದೀಪಗಳೆಲ್ಲ ಆರಿ ಕರೆಂಟು ಗಟ್ಟಿಯಾಗಿದ್ದ ಹೊತ್ತಿನಲ್ಲಿ, ಮೊದಲ ಟ್ರಾನ್ಸಿಸ್ಟರು ಕೈಗೆತ್ತಿಕೊಂಡೆ. ಕಾಲು ಬಗ್ಗಿಸುವಾಗಲೇ ಬುಡದಲ್ಲಿ ಪಟ್ಟನೆ ಮುರಿಯಿತು. ಅವಸರ, ಮತ್ತೇನಲ್ಲ. ಮೊಯ್ದು ಎದ್ದು ಹೋಗಿ ಒಂದು ಲೋಟ ಚಹಾ ತಂದು ಮುಂದಿಟ್ಟರು. "ಇದು ಪೂರ್ತಿ ಕುಡಿ. ಆಮೇಲೆ ಎರಡನೆಯದು ಮುಟ್ಟು."

ಆ ಚಹಾ ಕುಡಿದು ಮುಗಿಸುವುದು ನನಗೆ ಬೆಸುಗೆಗಿಂತ ಕಷ್ಟವಾಯಿತು.

ಎರಡನೆಯದನ್ನು ಕೂರಿಸಿದೆ. ಐರನ್ನು ಚೆನ್ನಾಗಿ ಕಾದ ಮೇಲೆ ಪ್ಲಗ್ ಕಿತ್ತುಬಿಟ್ಟೆ, ಒಂದು ಹನಿ ಕರೆಂಟೂ ಸೋರದಿರಲಿ ಎಂದು. ದೊಡ್ಡ ಐರನ್ನಿನ ಗುಣ ಅಲ್ಲಿ ತಿಳಿಯಿತು. ಕರೆಂಟು ತೆಗೆದರೂ ಅದರ ತಾಮ್ರ ಕಾವನ್ನು ಹಿಡಿದುಕೊಂಡಿರುತ್ತದೆ. ಮೂರು ಕಾಲು, ಮೂರು ಸಲ ಮುಟ್ಟಿದ್ದು, ಮೂರು ಸಲ ಎತ್ತಿದ್ದು. ಗುಂಡಿ ಕಿವಿಗಿಟ್ಟುಕೊಂಡೆ. ಪಕ್ಕದ ಮಳಿಗೆಯ ಗೋಡೆ ಗಡಿಯಾರಗಳೆಲ್ಲ ಒಟ್ಟಿಗೆ ಟಿಕ್‌ಟಿಕ್ ಎನ್ನುತ್ತಿದ್ದವು.

ಓಡುತ್ತಲೇ ಮೇಷ್ಟ್ರ ಮನೆಗೆ ಹೋದೆ. ಅವರು ಕಿವಿಗೆ ಸಿಕ್ಕಿಸಿಕೊಂಡು, ಡಬ್ಬಿಯ ತಿರುಪು ತಿರುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಆವತ್ತು ಸ್ಲೇಟಿನ ಮೇಲೆ ಬರೆದದ್ದನ್ನ ಈಗ ಬಾಯಲ್ಲಿ ಹೇಳು," ಎಂದರು.

ಹೇಳಿದೆ. ಮೆಲ್ಲಗೆ ಹೇಳಿದೆ. ಅವರಿಗೆ ಪೂರ್ತಿ ಕೇಳಿಸಿತು.

ಬುಧವಾರ ನನಗೆ ಚಾಮರಾಜನಗರದಲ್ಲಿ ಕೈ ಓಡಲಿಲ್ಲ. ಶುಕ್ರವಾರ ಬಸ್ಸಿಳಿದು ಮಳಿಗೆಯ ಬೀಗವನ್ನೂ ತೆಗೆಯದೆ ಮೇಷ್ಟ್ರ ಮನೆಗೆ ಹೋದೆ. ನಡೆದದ್ದು ಹೀಗೆ. ಇನ್ಸ್‌ಪೆಕ್ಟರು ತರಗತಿಯ ಹಿಂದೆ ಕೂತು ಪ್ರಶ್ನೆ ಕೇಳಿದರು. ಮೇಷ್ಟ್ರು ಬೋರ್ಡಿಗೆ ಮುಖ ಮಾಡಿಕೊಂಡೇ ಎಲ್ಲಕ್ಕೂ ಉತ್ತರಿಸಿದರು. ಹೊರಡುವಾಗ ಇನ್ಸ್‌ಪೆಕ್ಟರ ಕಣ್ಣು ಪೇಟದ ಕೆಳಗಿನ ವೈರಿನ ಮೇಲೆ ಬಿತ್ತು. "ಅದೇನು ಮೇಷ್ಟ್ರೇ?" ಮೇಷ್ಟ್ರಿಗೆ ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿತ್ತೋ ಏನೋ, ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, "ಕಿವಿಯಂತ್ರ ಸ್ವಾಮಿ. ಇದಿಲ್ಲದಿದ್ರೆ ನನಗೆ ಕೇಳೋದಿಲ್ಲ," ಎಂದುಬಿಟ್ಟರು. ಇನ್ಸ್‌ಪೆಕ್ಟರು ಗುಂಡಿಯನ್ನು ತಮ್ಮ ಕಿವಿಗೇ ಇಟ್ಟು ನೋಡಿದರಂತೆ. ಆಮೇಲೆ, ತಮ್ಮ ತಂದೆಯವರಿಗೂ ಇಂಥದ್ದೊಂದು ತರಿಸಿಕೊಡಬಹುದೇ ಎಂದು ಕೇಳಿದರಂತೆ. ಮೇಷ್ಟ್ರು ತಮ್ಮ ನಾಲ್ಕು ವರ್ಷವನ್ನೂ ಪೂರೈಸಿಯೇ ನಿವೃತ್ತರಾದರು.

ಇದನ್ನೆಲ್ಲ ಕೇಳಿಕೊಂಡು ಮಳಿಗೆಗೆ ಬಂದರೆ ಬಾಗಿಲಲ್ಲಿ ದೊರೆಸ್ವಾಮಿ ಮೇಸ್ತ್ರಿಯವರು ನಿಂತಿದ್ದರು. ಗುಂಡ್ಲುಪೇಟೆಗೆ ಅವರು ಬಂದದ್ದು ಅದೇ ಮೊದಲು, ನಾನು ಬಂದ ಮೇಲಿನ ಬಸ್ಸಿನಲ್ಲಿ. ಬೀಗ ತೆಗೆದೆ. ಒಳಗೆ ಬಂದು, ಗಿರಾಕಿಗಳು ಕೂರುವ ಬೆಂಚನ್ನು ನನ್ನ ಮೇಜಿಗೆ ಎಳೆದುಕೊಂಡು ಕೂತರು. ಜೇಬಿನಿಂದ ಮೇಣದಬತ್ತಿಯ ತುಂಡು ತೆಗೆದು ಮುಂದಿಟ್ಟರು.

"ತೋರಿಸು, ತಂಬಿ."

ತೋರಿಸಿದೆ. ಮೂರು ಸಲ ಅವರ ಕೈಯಲ್ಲಿ ಮೇಣ ಕರಗಿತು. ಇಪ್ಪತ್ತು ವರ್ಷ ಒತ್ತಿ ಹಿಡಿದೇ ಅಭ್ಯಾಸವಾದ ಕೈ, ಎತ್ತು ಎಂದರೆ ಎತ್ತುತ್ತಿರಲಿಲ್ಲ. ನಾಲ್ಕನೆಯ ಸಲ ನಾನು ಅವರಿಗೆ ಕೇಳುವಂತೆ ಎಣಿಸಿದೆ: ಒಂದು, ಎರಡು, ಎತ್ತಿ. ಅವರು ಎತ್ತಿದರು. ಇಬ್ಬರೂ ಬಗ್ಗಿ ನೋಡಿದೆವು. ಹನಿ ನಿಂತಿತ್ತು.

ಮೇಸ್ತ್ರಿಯವರು ಹಣೆಯ ಬೆವರು ಒರೆಸಿಕೊಂಡು, ಇನ್ನೊಂದು ತುಂಡು ವೈರನ್ನು ತಾವೇ ಕತ್ತರಿಸಿಕೊಂಡರು. "ಇನ್ನೊಂದ್ಸಲ ಎಣಿಸು," ಎಂದರು.